ಮೊದಲು ಹುಳಿ ನೋಡಿ, ಆಮೇಲೆ ಬಾಟಲಿ: ನಮ್ಮ ಮನೆ ಊಟಕ್ಕೆ ವೈನ್ ಹೊಂದಿಸುವ ಬಗೆ

ಒಂದು ಭಾನುವಾರ ಮನೆಯಲ್ಲಿ ನಾಟಿ ಕೋಳಿ ಸಾರು, ರಾಗಿ ಮುದ್ದೆ. ಭಾವ ಊಟಕ್ಕೆ ಬರುವವರಿದ್ದರು. ‘ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ’ ಅಂತ ಎಲ್ಲೋ ಕೇಳಿದ ಮಾತು ನೆನಪಿತ್ತು. ಹಾಗಾಗಿ ಕ್ಯಾಬರ್ನೆ ಸೊವಿನ್ಯೋ ಅನ್ನುವ ಒಂದು ದುಬಾರಿ ಕೆಂಪು ವೈನ್ ತಂದಿಟ್ಟಿದ್ದೆ. ಎರಡನೇ ತುತ್ತಿಗೇ ಎಲ್ಲರ ಬಾಯಿ ಉರಿಯತೊಡಗಿತು. ಸಾರಿನ ಖಾರ ದುಪ್ಪಟ್ಟಾದ ಹಾಗೆ ಅನ್ನಿಸಿತು. ವೈನ್ ಬರೀ ಒಗರು, ಬರೀ ಕಹಿ. ಸಾರೂ ಚೆನ್ನಾಗಿತ್ತು, ವೈನೂ ಚೆನ್ನಾಗಿತ್ತು. ಬಾಯಲ್ಲಿ ಸೇರಿದಾಗ ಮಾತ್ರ ಎರಡೂ ಕೆಟ್ಟವು.

ಆಮೇಲೆ ಕೆಲವು ವರ್ಷ ಮನೆ ಅಡುಗೆಯ ಜೊತೆಗೇ ಒಂದೊಂದು ವೈನ್ ಇಟ್ಟು ನೋಡುತ್ತಾ ಬಂದೆ. ಅದರಿಂದ ಒಂದು ವಿಷಯ ಖಚಿತವಾಯಿತು. ನಮ್ಮ ಊಟಕ್ಕೆ ವೈನ್ ಆರಿಸುವಾಗ ಕೋಳಿಯೋ, ಮೀನೋ, ಬದನೆಕಾಯಿಯೋ ಅನ್ನುವುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ ಹುಳಿ ಎಷ್ಟಿದೆ ಅನ್ನುವುದು. ಎರಡನೆಯದು ಖಾರ. ಮೂರನೆಯದು ಎಣ್ಣೆ, ಕಾಯಿ, ಕೊಬ್ಬು. ಹೆಚ್ಚು ಮಸಾಲೆ ಇಲ್ಲದೆ, ಉಪ್ಪು ಬೆಣ್ಣೆಯಲ್ಲಿ ಮಾಂಸ ಬೇಯಿಸುವ ಕಡೆ ‘ಮಾಂಸಕ್ಕೆ ಕೆಂಪು’ ಅನ್ನುವ ಲೆಕ್ಕ ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ಸಾರಿನ ರುಚಿಯನ್ನು ತೀರ್ಮಾನಿಸುವುದು ಕೋಳಿಗಿಂತ ಜಾಸ್ತಿ ಅರೆದ ಮಸಾಲೆ, ಅಲ್ವಾ?

ಹಂತ 1: ಬಾಟಲಿ ಕೊಳ್ಳುವ ಮುಂಚೆ ನಾಲಿಗೆಗೆ ಪಾಠ

ವೈನ್ ಬಗ್ಗೆ ಮಾತಾಡಲು ಹೊಸ ಭಾಷೆ ಕಲಿಯಬೇಕಿಲ್ಲ. ನಮ್ಮ ಅಡುಗೆಮನೆಯ ಮಾತುಗಳೇ ಸಾಕು.

ವೈನ್ ಕುಡಿದಾಗ ಬಾಯಲ್ಲಿ ನೀರೂರಿದರೆ ಅದು ಹುಳಿ. ಒಸಡು, ನಾಲಿಗೆ ಒಣಗಿ ಹಿಡಿದುಕೊಂಡ ಹಾಗಾದರೆ ಅದು ಒಗರು. ನೇರಳೆಹಣ್ಣು, ಬಾಳೆಕಾಯಿ ತಿಂದಾಗ ಆಗುತ್ತದಲ್ಲ, ಅದೇ. ಇದಕ್ಕೆ ಕಾರಣ ಟ್ಯಾನಿನ್ ಎಂಬ ಪದಾರ್ಥ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಅದು ಬರುತ್ತದೆ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುಳಿಬರಿಸುವುದರಿಂದ ಅದರಲ್ಲಿ ಒಗರು ಜಾಸ್ತಿ. ಬಿಳಿ ವೈನಿನಲ್ಲಿ ಸಾಮಾನ್ಯವಾಗಿ ರಸವನ್ನು ಮೊದಲೇ ಬೇರ್ಪಡಿಸುತ್ತಾರೆ, ಹಾಗಾಗಿ ಒಗರು ತೀರಾ ಕಡಿಮೆ. ನುಂಗಿದ ಮೇಲೆ ಗಂಟಲಲ್ಲಿ ಬಿಸಿ ಅನ್ನಿಸಿದರೆ ಅದು ಆಲ್ಕೋಹಾಲ್. ಇನ್ನು ಸಿಹಿ ಎಲ್ಲರಿಗೂ ಗೊತ್ತು.

ಒಗರು ಅಂದರೆ ಏನು ಅಂತ ಅನುಮಾನವಿದ್ದರೆ ಒಂದು ಲೋಟ ಹಾಲಿಲ್ಲದ, ಸಕ್ಕರೆಯಿಲ್ಲದ ಗಟ್ಟಿ ಟೀ ಮಾಡಿ. ಒಂದು ಗುಟುಕು ಕುಡಿಯಿರಿ. ಬಾಯಿ ಒಣಗುತ್ತದೆ. ಈಗ ಅದಕ್ಕೇ ಸ್ವಲ್ಪ ಹಾಲು ಹಾಕಿ ಕುಡಿಯಿರಿ. ಒಗರು ಮೆತ್ತಗಾಗುತ್ತದೆ. ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ನಿಮ್ಮ ನಾಲಿಗೆಯನ್ನು ಬಿಟ್ಟಿರುತ್ತದೆ. ಕೊಬ್ಬಿರುವ ಮಾಂಸದ ಜೊತೆ ಕೆಂಪು ವೈನ್ ಹಿತವಾಗುವುದರ ಹಿಂದೆ ಇರುವುದೂ ಬಹುಮಟ್ಟಿಗೆ ಇದೇ.

ಇನ್ನೊಂದು ಪ್ರಯೋಗ ಇದಕ್ಕಿಂತ ಮುಖ್ಯ. ಒಂದು ತಟ್ಟೆಯಲ್ಲಿ ಚಿಟಿಕೆ ಉಪ್ಪು, ಒಂದು ನಿಂಬೆ ಹೋಳು, ಒಂದು ಚೂರು ಬೆಲ್ಲ, ಸ್ವಲ್ಪ ಖಾರದ ಪುಡಿ ಇಡಿ. ಯಾವುದಾದರೂ ಕೆಂಪು, ಯಾವುದಾದರೂ ಬಿಳಿ ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಳ್ಳಿ. ಒಂದೊಂದನ್ನೇ ನಾಲಿಗೆಗೆ ಹಚ್ಚಿ ಒಂದೊಂದು ಗುಟುಕು ಕುಡಿಯಿರಿ. ನಡುವೆ ನೀರು ಕುಡಿಯಿರಿ. ಖಾರವನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇರೆ ಯಾವುದೂ ಗೊತ್ತಾಗುವುದಿಲ್ಲ.

ನಿಮಗೆ ಕಾಣುವುದು ಇಷ್ಟು. ನಿಂಬೆಯ ಮೇಲೆ ವೈನಿನ ಹುಳಿ ಇಳಿದು ಹಣ್ಣಿನ ರುಚಿ ಮೇಲೆ ಬರುತ್ತದೆ. ಉಪ್ಪಿನ ಮೇಲೆ ವೈನ್ ಮೆದುವಾಗುತ್ತದೆ. ಬೆಲ್ಲದ ಮೇಲೆ ವೈನ್ ಹುಳಿಯಾಗಿ, ತೆಳ್ಳಗೆ, ಸಪ್ಪೆ ಅನ್ನಿಸುತ್ತದೆ. ಖಾರದ ಮೇಲೆ ಕೆಂಪು ವೈನ್ ಉರಿಯನ್ನು ಏರಿಸುತ್ತದೆ. ಈ ಹದಿನೈದು ನಿಮಿಷದ ಕೆಲಸ ಮಾಡಿದವರಿಗೆ ಮುಂದಿನ ಹಂತಗಳೆಲ್ಲ ಸುಲಭ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಹಂತ 2: ನಾಲ್ಕು ಬಾಟಲಿಗಳ ಪರಿಚಯ

ಅಂಗಡಿಯ ಗೋಡೆ ತುಂಬ ಬಾಟಲಿ ಇರುತ್ತವೆ. ಶುರುವಿಗೆ ನಾಲ್ಕು ಬಗೆ ಗೊತ್ತಿದ್ದರೆ ಸಾಕು.

ಸೊವಿನ್ಯೋ ಬ್ಲಾಂ. ಬಿಳಿ, ಒಳ್ಳೆ ಹುಳಿ. ಹಸಿರು ದೊಣ್ಣೆಮೆಣಸಿನಕಾಯಿ, ಕೊಯ್ದ ಹುಲ್ಲಿನಂಥ ಘಮ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಹಾಕಿದ ಅಡುಗೆಗೆ ಸ್ನೇಹಿತ.

ಶೆನಿನ್ ಬ್ಲಾಂ. ಇದೂ ಬಿಳಿ. ನಮ್ಮ ದೇಶದಲ್ಲಿ ಇದನ್ನು ಸ್ವಲ್ಪ ಸಿಹಿ ಉಳಿಸಿ ಮಾಡುವುದು ಸಾಮಾನ್ಯ. ಹುಳಿಯೂ ಉಂಟು, ತುಸು ಸಿಹಿಯೂ ಉಂಟು. ಖಾರದ ಊಟಕ್ಕೆ ನಾನು ಮೊದಲು ಕೈ ಹಾಕುವುದು ಇದಕ್ಕೆ.

ಶಿರಾಜ್. ಕೆಂಪು. ಕಪ್ಪು ಹಣ್ಣಿನ ರುಚಿ, ಕಾಳುಮೆಣಸಿನ ಘಮ.

ಬ್ರೂಟ್ ಅಂತ ಬರೆದಿರುವ ನೊರೆ ವೈನ್. ಹುಳಿ ಇದೆ, ಗುಳ್ಳೆ ಇದೆ, ಸಿಹಿ ಹೆಚ್ಚಿಲ್ಲ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ ಇರುವ ವೈನ್.

ಐದನೆಯದಾಗಿ ರೋಜೆ ಅನ್ನುವ ತಿಳಿಗುಲಾಬಿ ಬಣ್ಣದ ವೈನ್ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಕೆಂಪು ದ್ರಾಕ್ಷಿಯದ್ದೇ, ಆದರೆ ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಹಾಗಾಗಿ ಹಣ್ಣಿನ ರುಚಿ ಬರುತ್ತದೆ, ಒಗರು ಬರುವುದಿಲ್ಲ.

ಇವೆಲ್ಲ ದೂರದಿಂದ ಬರಬೇಕಿಲ್ಲ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಕುಟುಂಬ 1988ರಲ್ಲೇ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ಹಾಕಿ ವೈನ್ ಕೆಲಸ ಶುರು ಮಾಡಿತು. ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಸುತ್ತಲಿನ ಬಂಡೆಗಳ ನಡುವೆ ಕೃಷ್ಮಾ ತೋಟವಿದೆ. ಪಕ್ಕದ ಮಹಾರಾಷ್ಟ್ರದ ನಾಸಿಕದ ಸುಲಾ ವೈನುಗಳು ಎಲ್ಲ ಕಡೆ ಸಿಗುತ್ತವೆ.

ಒಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಜನ ವೈನ್ ಅಂದರೆ ಪೋರ್ಟ್ ಅಂತ ಮಾರುವ ಸಿಹಿ ಕೆಂಪು ವೈನ್ ಎಂದೇ ತಿಳಿದಿದ್ದಾರೆ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಇಂಥ ಸಿಹಿ ವೈನ್ ಮಾಡುತ್ತಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಆ ದ್ರಾಕ್ಷಿಯ ಘಮ ನನಗೆ ಬಲು ಇಷ್ಟ. ಆದರೆ ಆ ಸಿಹಿ ವೈನ್ ಸಾರು, ಪಲ್ಯದ ಜೊತೆಗಲ್ಲ. ಊಟ ಮುಗಿದ ಮೇಲೆ ಒಂದು ಸಣ್ಣ ಲೋಟ ಕುಡಿಯಲು ಅದು ಸರಿ.

ಲೇಬಲಿನಲ್ಲಿ ಆಲ್ಕೋಹಾಲ್ ಪ್ರಮಾಣವನ್ನೂ ನೋಡಿ. ಖಾರದ ಊಟಕ್ಕೆ ಶೇ. 14ರ ವೈನಿಗಿಂತ ಶೇ. 12ರದ್ದು ಹಿತ.

ಹಂತ 3: ಬಿಸಿ, ತಂಪು

ಮನೆಯಲ್ಲಿ ವೈನ್ ಹೊಂದದಿರುವುದಕ್ಕೆ ಅರ್ಧ ಕಾರಣ ಬಿಸಿಯೇ ಅನ್ನುವುದು ನನ್ನ ಅನುಭವ. ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ’ ಅನ್ನುತ್ತಾರೆ. ಅದು ಚಳಿ ದೇಶದ ಹಳೆಯ ಕೋಣೆ. ಏಪ್ರಿಲಿನ ರಾಯಚೂರಿನ ಕೋಣೆಯಲ್ಲ. 30 ಡಿಗ್ರಿಯಲ್ಲಿ ಕೆಂಪು ವೈನ್ ಬರೀ ಆಲ್ಕೋಹಾಲಿನ ಘಾಟು ಹೊಡೆಯುತ್ತದೆ.

ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸಾಕು. ಸೆಕೆಗಾಲದಲ್ಲಿ ಬಾಟಲಿಯನ್ನು ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಡಿ. ಬಿಳಿ ಮತ್ತು ರೋಜೆಗೆ 8ರಿಂದ 12 ಡಿಗ್ರಿ. ಇವನ್ನು ಬೆಳಗ್ಗೆಯೇ ಫ್ರಿಜ್ಜಿಗೆ ಹಾಕಿ, ಊಟಕ್ಕೆ ಹತ್ತು ನಿಮಿಷ ಮುಂಚೆ ತೆಗೆಯಿರಿ. ನೊರೆ ವೈನ್ ಇನ್ನೂ ತಣ್ಣಗೆ, 6ರಿಂದ 8 ಡಿಗ್ರಿ. ಮರೆತುಹೋಗಿದ್ದರೆ ಒಂದು ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿಡಿ. ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಬರೀ ಐಸು ಹಾಕಬೇಡಿ, ನೀರು ಬೇಕೇ ಬೇಕು. ಬಾಟಲಿಯ ಸುತ್ತ ಅಂಟಿಕೊಂಡು ಬಿಸಿ ಎಳೆಯುವುದು ನೀರು.

ಹಂತ 4: ಸಾರಿನ ರುಚಿ ನೋಡಿ, ಆಮೇಲೆ ಬಾಟಲಿ ತೆಗೆಯಿರಿ

ಒಲೆಯಿಂದ ಇಳಿಸುವ ಮುಂಚೆ ಉಪ್ಪು ನೋಡುತ್ತೀರಲ್ಲ, ಆಗಲೇ ಹುಳಿಯನ್ನೂ ಗಮನಿಸಿ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ಮೂಲೆಯೇ ಇಲ್ಲ. ಬಯಲುಸೀಮೆಯಲ್ಲಿ ಹುಣಸೆ, ಕರಾವಳಿಯಲ್ಲಿ ಹುಣಸೆಯ ಜೊತೆ ಪುನರ್ಪುಳಿ, ಕೊಡಗಿನಲ್ಲಿ ಕಾಚಂಪುಳಿ, ಎಲ್ಲ ಕಡೆ ನಿಂಬೆ, ಮೊಸರು, ಟೊಮೆಟೊ. ಊಟ ವೈನಿಗಿಂತ ಹುಳಿಯಾಗಿದ್ದರೆ ವೈನ್ ನೀರಿನಂತೆ ಸಪ್ಪೆಯಾಗುತ್ತದೆ. ಹಾಗಾಗಿ ವೈನಿನ ಹುಳಿ ಊಟದ ಹುಳಿಯಷ್ಟಾದರೂ ಇರಬೇಕು.

ಇಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಂಗತಿಯೊಂದಿದೆ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಬೇರೆ ಹಣ್ಣುಗಳಲ್ಲಿ ಅದು ಇಷ್ಟು ಪ್ರಮಾಣದಲ್ಲಿ ಸಿಗುವುದು ಅಪರೂಪ. ಆದರೆ ಹುಣಸೆಹಣ್ಣಿನಲ್ಲಿ ಮುಖ್ಯವಾಗಿರುವುದೂ ಅದೇ ಆಮ್ಲ. ಹುಣಸೆ ಹಾಕಿದ ಊಟಕ್ಕೆ ವೈನ್ ಒಗ್ಗುವುದಿಲ್ಲ ಅನ್ನುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಹುಳಿ ಸರಿಯಾಗಿರುವ ವೈನ್ ಇಟ್ಟು ನೋಡಿ, ಎರಡೂ ಒಂದೇ ಮನೆಯವರ ಹಾಗೆ ಕೂರುತ್ತವೆ.

ಖಾರಕ್ಕೆ ಲೆಕ್ಕ ಬೇರೆ. ಆಲ್ಕೋಹಾಲ್ ಮತ್ತು ಒಗರು ಎರಡೂ ಉರಿಯನ್ನು ಹೆಚ್ಚಿಸುತ್ತವೆ. ಸಿಹಿ ಮತ್ತು ತಂಪು ಇಳಿಸುತ್ತವೆ. ಅದಕ್ಕೇ ಖಾರ ಜಾಸ್ತಿಯಾದಷ್ಟೂ ವೈನ್ ತಣ್ಣಗೆ, ತುಸು ಸಿಹಿಯಾಗಿ, ಕಡಿಮೆ ಆಲ್ಕೋಹಾಲಿನದ್ದಾಗಿ ಇರಲಿ. ಮೆಣಸಿನಕಾಯಿ ಯಾವುದು ಅಂತಲೂ ನೋಡಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಬರೀ ಬ್ಯಾಡಗಿ ಹಾಕಿದ ಸಾರಿಗೆ ಹಗುರ ಕೆಂಪು ವೈನೂ ನಡೆಯುತ್ತದೆ. ಗುಂಟೂರು ಸೇರಿತೋ, ಕೆಂಪನ್ನು ಒಳಗಿಡಿ.

ಹಂತ 5: ನಮ್ಮ ತಟ್ಟೆಗಳ ಮೇಲೆ

ನಾಟಿ ಕೋಳಿ ಸಾರಿನಿಂದಲೇ ಶುರು ಮಾಡುತ್ತೇನೆ. ತೆಳು ಸಾರು, ಖಾರ ಜೋರು, ಮುದ್ದೆ ಸಪ್ಪೆ. ಇದಕ್ಕೆ ಚೆನ್ನಾಗಿ ತಣ್ಣಗಾದ, ತುಸು ಸಿಹಿಯ ಶೆನಿನ್ ಬ್ಲಾಂ. ಆ ಭಾನುವಾರ ಕೆಟ್ಟ ಊಟವನ್ನು ಮುಂದೆ ಇದೇ ವೈನ್ ಇಟ್ಟು ಮತ್ತೆ ಮಾಡಿದೆವು. ಭಾವ ಎರಡನೇ ಮುದ್ದೆ ಹಾಕಿಸಿಕೊಂಡರು.

ದೊನ್ನೆ ಬಿರಿಯಾನಿಗೆ ಸೊವಿನ್ಯೋ ಬ್ಲಾಂ. ಅದರಲ್ಲಿರುವ ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿಯ ಹಸಿರು ಘಮ ವೈನಿನಲ್ಲೂ ಸಿಗುತ್ತದೆ. ಪಕ್ಕದಲ್ಲಿ ಮೊಸರು ಬಜ್ಜಿ ಇರಲಿ, ಅದು ಖಾರವನ್ನು ತಗ್ಗಿಸಿ ವೈನಿಗೆ ಜಾಗ ಮಾಡಿಕೊಡುತ್ತದೆ. ಚಳಿಗಾಲದ ಅವರೆಕಾಳು ಸಾರಿಗೂ ಇದೇ ಚೆನ್ನ.

ಕೊಡಗಿನ ಪಂದಿ ಕರಿಗೆ ಮಾತ್ರ ನಾನು ಬೇರೆ ಮಾತೇ ಇಲ್ಲದೆ ಶಿರಾಜ್ ತೆಗೆಯುತ್ತೇನೆ. ಹಂದಿಯ ಕೊಬ್ಬು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ಕಪ್ಪಗೆ ಹುರಿದ ಮಸಾಲೆಗೆ ಎದುರು ನಿಲ್ಲಲು ಗಟ್ಟಿ ವೈನೇ ಬೇಕು. ಇನ್ನು ಕಾಳುಮೆಣಸು. 2008ರಲ್ಲಿ ಆಸ್ಟ್ರೇಲಿಯಾದ ವೈನ್ ವಿಜ್ಞಾನಿಗಳು ಶಿರಾಜ್ ವೈನಿನ ಮೆಣಸಿನ ಘಮಕ್ಕೆ ಕಾರಣವಾದ ಪದಾರ್ಥವನ್ನು ಗುರುತಿಸಿದರು. ಅದರ ಹೆಸರು ರೊಟಂಡೋನ್. ಕಾಳುಮೆಣಸಿನಲ್ಲಿರುವುದೂ ಅದೇ. ಅಂದರೆ ಕೊಡಗಿನ ತೋಟದ ಮೆಣಸಿಗೂ ಲೋಟದಲ್ಲಿರುವ ಶಿರಾಜ್‌ಗೂ ನಿಜವಾಗಿಯೇ ನಂಟು ಇದೆ. ಕಾಚಂಪುಳಿ ಮಾತ್ರ ಕೊನೆಗೆ ನೋಡಿಕೊಂಡು ಹಾಕಿ. ಅದು ಜೋರಾದರೆ ವೈನ್ ಸೋಲುತ್ತದೆ. ಕಡಂಬುಟ್ಟು ಜೊತೆಗಿದ್ದರೆ ಎಲ್ಲವನ್ನೂ ಸಮ ಮಾಡುತ್ತದೆ.

ಕರಾವಳಿಯ ಕೋರಿ ಗಸಿ, ನೀರುದೋಸೆ. ತೆಂಗಿನಹಾಲು ನಾಲಿಗೆಯ ಮೇಲೆ ದಪ್ಪಗೆ ಕೂರುತ್ತದೆ. ತೀರಾ ತೆಳು ವೈನ್ ಅದರಡಿ ಮುಳುಗಿಹೋಗುತ್ತದೆ. ಇದಕ್ಕೆ ವಿಯೋನಿಯೇ ಅನ್ನುವ ಬಿಳಿ ವೈನ್ ಹುಡುಕಿ. ನಂದಿ ಭಾಗದಲ್ಲೂ ಬೆಳೆಯುವ ದ್ರಾಕ್ಷಿ. ಜರ್ದಾಳು ಹಣ್ಣಿನ ಘಮ, ಮೈ ತುಂಬಿದ ರುಚಿ, ಕಾಯಿಗೆ ಒಳ್ಳೆ ಜೋಡಿ. ಸಿಗದಿದ್ದರೆ ರೋಜೆ. ಕುಂದಾಪುರದ ಕಡೆಯ ತುಪ್ಪದ ಕೋಳಿ ರೋಸ್ಟಿಗೂ ರೋಜೆಯನ್ನೇ ಹೇಳುತ್ತೇನೆ. ತುಪ್ಪ, ಹುಳಿ, ಸಣ್ಣ ಸಿಹಿ ಎಲ್ಲವೂ ಇರುವ ಅಡುಗೆ ಅದು.

ಮೀನಿನಲ್ಲಿ ಒಂದು ವಿಷಯ ಗಮನಿಸಿ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನ ಜೊತೆ ಕೆಂಪು ವೈನ್ ಕುಡಿದರೆ ಬಾಯಲ್ಲಿ ಲೋಹದಂಥ, ಹಳಸಿದ ಮೀನಿನಂಥ ರುಚಿ ಉಳಿಯುತ್ತದೆ. ಮೀನು ಕೆಟ್ಟಿದೆ ಅಂತ ಬೇಜಾರಾಗಬೇಡಿ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಯ ಜೊತೆ ಸೇರಿ ಹಾಗೆ ಮಾಡುತ್ತದೆ. ರವೆ ಹಾಕಿ ಹುರಿದ ಅಂಜಲ್, ಕಾಣೆಗೆ ನೊರೆ ವೈನ್ ಇಡಿ. ಗುಳ್ಳೆ ಮತ್ತು ಹುಳಿ ಎಣ್ಣೆಯನ್ನು ತೊಳೆದುಬಿಡುತ್ತವೆ, ಪ್ರತಿ ತುತ್ತೂ ಮೊದಲ ತುತ್ತಿನ ಹಾಗಿರುತ್ತದೆ.

ಇದೇ ಕಾರಣಕ್ಕೆ ಕರಿದ ತಿಂಡಿಗಳಿಗೆ ಬ್ರೂಟ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮದ್ದೂರು ವಡೆ, ಗೋಳಿಬಜೆ, ಕೋಡುಬಳೆ, ನಿಪ್ಪಟ್ಟು. ನೊರೆ ವೈನ್ ಅಂದರೆ ಹುಟ್ಟುಹಬ್ಬದ ಕೇಕಿಗೆ ಅಂತ ಇಟ್ಟುಕೊಳ್ಳುತ್ತಾರೆ. ಕೇಕಿನ ಸಿಹಿಗೆ ಬ್ರೂಟ್ ಹುಳಿ ಹುಳಿಯಾಗುತ್ತದೆ. ಒಂದು ಸಂಜೆ ಬಿಸಿ ಮದ್ದೂರು ವಡೆಯ ಜೊತೆ ಕುಡಿದು ನೋಡಿ.

ಸಸ್ಯಾಹಾರಕ್ಕೆ ವೈನ್ ಕಷ್ಟ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ತಟ್ಟೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆಯಂಶ ಸಾಕಷ್ಟಿದೆ. ಅದು ಒಗರನ್ನು ತಡೆದುಕೊಳ್ಳುತ್ತದೆ. ಖಾರ ಹದವಾಗಿದ್ದರೆ ಸ್ವಲ್ಪ ತಣ್ಣಗೆ ಮಾಡಿದ ಹಗುರ ಶಿರಾಜ್ ಇಲ್ಲಿ ಚೆನ್ನಾಗಿ ಕೂರುತ್ತದೆ. ರಂಜಕ ಪಕ್ಕದಲ್ಲಿದ್ದರೆ ರೋಜೆಗೆ ಬದಲಾಯಿಸಿ. ಬಿಸಿಬೇಳೆಬಾತಿಗೆ ಹುಣಸೆ, ಚಕ್ಕೆ ಲವಂಗ, ತುಪ್ಪ ಮೂರೂ ಇರುವುದರಿಂದ ಶೆನಿನ್ ಬ್ಲಾಂ.

ಕೆಲವನ್ನು ಬಿಟ್ಟುಬಿಡಿ. ಹಾಗಲಕಾಯಿ, ಮೆಂತ್ಯೆ ಸೊಪ್ಪಿನ ಕಹಿಗೆ ಕೆಂಪು ವೈನ್ ಸೇರಿದರೆ ಕಹಿಯ ಮೇಲೆ ಕಹಿ. ಮೊಸರನ್ನಕ್ಕೆ ವೈನ್ ಬೇಡವೇ ಬೇಡ. ಮಾವಿನಕಾಯಿ ಉಪ್ಪಿನಕಾಯಿ ಯಾವ ವೈನನ್ನೂ ಉಳಿಸುವುದಿಲ್ಲ, ವೈನ್ ಇರುವ ದಿನ ಅದನ್ನು ಭರಣಿಯಲ್ಲೇ ಬಿಡಿ.

ಸಿಹಿತಿಂಡಿಗೆ ಒಂದೇ ನಿಯಮ: ವೈನ್ ತಿಂಡಿಗಿಂತ ಸಿಹಿ ಇರಬೇಕು. ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ಕೊಯ್ದ ದ್ರಾಕ್ಷಿಯಿಂದ ಮಾಡುವ ಲೇಟ್ ಹಾರ್ವೆಸ್ಟ್ ವೈನ್ ಕಾಯಿ ಹೋಳಿಗೆಗೆ ಹೊಂದುತ್ತದೆ. ಮೈಸೂರುಪಾಕನ್ನು ಸುಮ್ನೆ ತಿನ್ನಿ.

ಹಂತ 6: ತಟ್ಟೆ ತುಂಬ ಹತ್ತು ರುಚಿ ಇದ್ದಾಗ

ನಮ್ಮಲ್ಲಿ ಒಂದಾದ ಮೇಲೊಂದು ಬಡಿಸಿ ತಟ್ಟೆ ಬದಲಾಯಿಸುವ ಪದ್ಧತಿ ಇಲ್ಲ. ಪಲ್ಯ, ಕೋಸಂಬರಿ, ಸಾರು, ಹಪ್ಪಳ ಎಲ್ಲ ಒಟ್ಟಿಗೆ ಬರುತ್ತವೆ. ಒಂದೊಂದಕ್ಕೂ ಒಂದೊಂದು ವೈನ್ ಹುಡುಕಬೇಡಿ. ತಟ್ಟೆಯಲ್ಲಿ ಅತಿ ಜೋರಾಗಿರುವ ರುಚಿ ಯಾವುದು? ಅದಕ್ಕೆ ಹೊಂದಿಸಿ. ಗೊತ್ತಾಗದಿದ್ದರೆ ರೋಜೆ ಅಥವಾ ಬ್ರೂಟ್, ಎರಡರಲ್ಲಿ ಒಂದು.

ನೆಂಟರು ಬಂದಾಗ ಎರಡು ಬಾಟಲಿ ತೆಗೆಯುವುದಾದರೆ ತೆಳುವಾದದ್ದು ಮೊದಲು, ಗಟ್ಟಿಯಾದದ್ದು ಆಮೇಲೆ. 750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಲೋಟ ಸಿಗುತ್ತವೆ. ಗಾಜಿನ ಲೋಟವನ್ನು ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಘಮ ನಿಲ್ಲಲು ಜಾಗ ಬೇಕು. ಜೊತೆಗೆ ನೀರಿನ ಲೋಟ ಇರಲೇಬೇಕು. ಗಾಡಿ ಓಡಿಸಿಕೊಂಡು ಹೋಗುವವರಿಗೆ, ಮಾತ್ರೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ ಒತ್ತಾಯ ಮಾಡಬೇಡಿ. ಕುಡಿಯದವರಿಗೆ ಪುನರ್ಪುಳಿ ಶರಬತ್ತು ಮಾಡಿ, ಅದೇ ವೈನ್ ಲೋಟದಲ್ಲಿ ಕೊಡಿ. ಹುಳಿ, ಸಿಹಿ, ತಂಪು ಮೂರೂ ಇರುವ ಅದು ಖಾರದ ಊಟಕ್ಕೆ ಎಷ್ಟೋ ವೈನುಗಳಿಗಿಂತ ಚೆನ್ನಾಗಿ ಹೊಂದುತ್ತದೆ.

ಹಂತ 7: ಹೊಂದಲಿಲ್ಲವೇ? ಊಟದ ಮಧ್ಯೆಯೇ ಸರಿ ಮಾಡಿ

ವೈನ್ ತೀರಾ ಹುಳಿ ಅನ್ನಿಸಿದರೆ ಊಟಕ್ಕೆ ಸ್ವಲ್ಪ ನಿಂಬೆ ಹಿಂಡಿ. ವೈನ್ ಒಗರು, ಕಹಿ ಅನ್ನಿಸಿದರೆ ಊಟದ ಉಪ್ಪು ನೋಡಿ, ಚಿಟಿಕೆ ಕಡಿಮೆ ಇರಬಹುದು. ಒಂದು ಚಮಚ ತುಪ್ಪವೂ ಸಹಾಯಕ್ಕೆ ಬರುತ್ತದೆ. ಬಾಯಿ ಉರಿಯುತ್ತಿದ್ದರೆ ವೈನನ್ನು ಇನ್ನಷ್ಟು ತಣ್ಣಗೆ ಮಾಡಿ, ಮೊಸರು ಬಜ್ಜಿ ಬಡಿಸಿ. ವೈನ್ ಸಪ್ಪೆ ಅನ್ನಿಸಿದರೆ ಸಾರಿನಲ್ಲಿ ಹುಳಿಯೋ ಬೆಲ್ಲವೋ ಹೆಚ್ಚಾಗಿದೆ. ಮುಂದಿನ ಸಲ ಬೆಲ್ಲ ಕಡಿಮೆ ಹಾಕಿ.

ಒಂದು ಸಣ್ಣ ಪುಸ್ತಕದಲ್ಲಿ ಮೂರೇ ಸಾಲು ಬರೆದಿಡಿ: ಏನು ಅಡುಗೆ, ಯಾವ ವೈನ್, ಏನಾಯಿತು. ನಿಮ್ಮ ಮನೆಯ ಸಾರಿನ ಪುಡಿ ನನ್ನ ಮನೆಯದ್ದಲ್ಲ. ನನ್ನ ಲೆಕ್ಕ ನಿಮ್ಮಲ್ಲಿ ಒಂದೆರಡು ಕಡೆ ತಪ್ಪಬಹುದು, ಆಗ ನಿಮ್ಮ ಪುಸ್ತಕವನ್ನೇ ನಂಬಿ.

ಹಂತ 8: ಉಳಿದದ್ದು

ತೆರೆಯದ ಬಾಟಲಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಬೀರುವಿನ ಕೆಳಗಿನ ಅರೆ, ಮಂಚದ ಕೆಳಗೆ, ಎಲ್ಲಿ ಕತ್ತಲೆ ಮತ್ತು ತಂಪು ಇದೆಯೋ ಅಲ್ಲಿ. ಮರದ ಬಿರಡೆ ಇದ್ದರೆ ಮಲಗಿಸಿಡಿ. ತಿರುಪಿನ ಮುಚ್ಚಳವಾದರೆ ನಿಲ್ಲಿಸಿದರೂ ಸರಿ.

ತೆರೆದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಕೆಂಪನ್ನೂ ಕೂಡ. ಬಿಳಿ ಮತ್ತು ಕೆಂಪು ಮೂರು ನಾಲ್ಕು ದಿನ ಇರುತ್ತವೆ, ನೊರೆ ವೈನ್ ಒಂದು ದಿನ. ಪಂದಿ ಕರಿ ಮಾಡಿದ ದಿನ ನಾನು ಬೇಕೆಂದೇ ಎರಡು ಲೋಟ ಶಿರಾಜ್ ಉಳಿಸುತ್ತೇನೆ. ಮರುದಿನಕ್ಕೆ ಮಸಾಲೆ ಮಾಂಸದೊಳಗೆ ಇಳಿದಿರುತ್ತದೆ. ಗಾಳಿ ತಾಗಿದ ವೈನಿನ ಒಗರೂ ಸ್ವಲ್ಪ ಇಳಿದಿರುತ್ತದೆ. ಕರಿ ಬಿಸಿಗಿಡುವ ಹೊತ್ತಿಗೆ ಬಾಟಲಿಯನ್ನು ಹೊರಗೆ ತೆಗೆದಿಟ್ಟರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ.